ಜಪಮಾಲೆ ತಿಂಗಳಲ್ಲಿ ಮುಳುಗುವ ಗುಡಿ

ಬಹಳ ದಿನಗಳಿಂದ ಇದನ್ನು ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದಿದ್ದೆ. ನೋಟ್‌ಬುಕ್ಕಿನಲ್ಲಿ ಗೀಚಿಟ್ಟದ್ದು ಇತ್ತು, ಫೋಟೋಗಳೂ ಇದ್ದವು, ಕೂತು ಬರೆಯೋಕೆ ಮಾತ್ರ ಸೋಮಾರಿತನ. ಮೊನ್ನೆ ಪರಿಚಿತರೊಬ್ಬರು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಸುತ್ತಲೂ ನೀರು, ನಡುವೆ ಒಂದು ಗೋಪುರ, ಒಂದಿಷ್ಟು ಚೂಪು ಕಮಾನುಗಳು. ಹಾಸನದ ಕಡೆಯವರು ನೋಡಿದ ತಕ್ಷಣ ಗುರುತು ಹಿಡಿಯುತ್ತೀರಿ, ಶೆಟ್ಟಿಹಳ್ಳಿ ಚರ್ಚು. ಫೋಟೋದ ಕೆಳಗೆ ಬರೆದಿತ್ತು: 1860ರಲ್ಲಿ ಅಬ್ಬೆ ದುಬೋಯಿ ಕಟ್ಟಿಸಿದ ತೇಲುವ ಚರ್ಚು!

ತೇಲುವುದಂತೂ ಇಲ್ಲ, ಮುಳುಗುತ್ತದೆ. ಅದಿರಲಿ. ಅಬ್ಬೆ ದುಬೋಯಿ ಇಂಡಿಯಾ ಬಿಟ್ಟದ್ದು 1823ರಲ್ಲಿ, ತೀರಿಕೊಂಡದ್ದು 1848ರಲ್ಲಿ, ಅದೂ ಪ್ಯಾರಿಸ್ಸಿನಲ್ಲಿ. ಸತ್ತು ಹನ್ನೆರಡು ವರ್ಷ ಆದ ಮೇಲೆ ಹಾಸನದ ಹತ್ತಿರ ಚರ್ಚು ಕಟ್ಟಿಸಿದ್ದರೆ ಅದು ಪವಾಡವೇ ಸರಿ. ನಗು ಬಂತು. ಆಮೇಲೆ ಯಾಕೋ ಬೇಜಾರಾಯಿತು. ಯಾಕೆ ಅಂತ ಹೇಳಬೇಕಾದರೆ ಮೊದಲು ನಮ್ಮೂರಿನಿಂದ ಶುರು ಮಾಡಬೇಕು.

ನಮ್ಮೂರು ಬಾಣಾವರ, ಅರಸೀಕೆರೆ ತಾಲ್ಲೂಕು. ರಾಮನ ಬಾಣವನ್ನು ಲಕ್ಷ್ಮಣ 'ಹೊರೆ' ಎಂದು ಹಟ ಮಾಡಿದ ಜಾಗ, ಬಾಣ ಹೊರೆ ಅಂದದ್ದೇ ಬಾಣಾವರ ಆಯ್ತು ಅನ್ನೋ ಕತೆಯೊಂದಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿತ್ತು, ಆಮೇಲೆ ಆ ಪಟ್ಟ ಅರಸೀಕೆರೆಗೆ ಹೋಯಿತು. ಬಯಲುಸೀಮೆಯ ಊರು, ತೆಂಗು, ರಾಗಿ, ಮಳೆ ಬಂದರೆ ಬಂತು. ಜಾವಗಲ್ ಮೇಲೆ ಹೋದರೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು. ನಮ್ಮ ಕಡೆ ಇತಿಹಾಸ ಅಂದರೆ ಹೊಯ್ಸಳರು ಅಂತಲೇ ಲೆಕ್ಕ. ಶಾಲೆಯಿಂದ ಟೂರು ಅಂತ ಕರೆದುಕೊಂಡು ಹೋಗುತ್ತಿದ್ದದ್ದೂ ಅಲ್ಲಿಗೇ, ನೆಂಟರು ಬಂದರೆ ತೋರಿಸುತ್ತಿದ್ದದ್ದೂ ಅದನ್ನೇ.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಕೂರುತ್ತಿದ್ದ. ಅವನ ಅಪ್ಪ ರೈಲ್ವೆಯಲ್ಲಿದ್ದರು, ಬಾಣಾವರ ಸ್ಟೇಷನ್ನಿಗೆ ವರ್ಗವಾಗಿ ಬಂದಿದ್ದರು. ನಮ್ಮ ಬೀದಿಯಲ್ಲಿ ಅವರದೊಂದೇ ಕ್ರೈಸ್ತರ ಮನೆ. ಮೊದಲ ವರ್ಷ ಕ್ರಿಸ್‌ಮಸ್ಸಿಗೆ ಕೇಕು ಬರುತ್ತದೆ ಅಂತ ನಾವೆಲ್ಲ ಕಾದು ಕೂತಿದ್ದೆವು. ಬಂದದ್ದು ಕಜ್ಜಾಯ ಮತ್ತು ಚಕ್ಕುಲಿ! ನಮ್ಮಮ್ಮ ತಿಂದು ನೋಡಿ, 'ನಮ್ಮದಕ್ಕಿಂತ ಹದವಾಗಿದೆ' ಅಂದಿದ್ದು ಇನ್ನೂ ನೆನಪಿದೆ. ಆ ಮನೆಯಲ್ಲಿ ಅಜ್ಜಿಯೊಬ್ಬರಿದ್ದರು. ಹಣೆಗೆ ಬೊಟ್ಟಿಲ್ಲ, ಕೊರಳಲ್ಲಿ ಮಣಿಸರ, ಬಾಯಲ್ಲಿ ಎಲೆ ಅಡಿಕೆ, ಮಾತು ಅಪ್ಪಟ ಆಲೂರು ಕಡೆಯದು. ಊರು ಯಾವುದಜ್ಜಿ ಅಂತ ಕೇಳಿದರೆ 'ನಮ್ಮೂರು ನೀರೊಳಗೈತೆ ಕಣಪ್ಪ' ಅನ್ನುತ್ತಿದ್ದರು. ನಾವು ಅದನ್ನು ತಮಾಷೆ ಅಂದುಕೊಂಡಿದ್ದೆವು.

ಆ ಮನೆಯಲ್ಲಿ ದಿನಾ ಪೇಪರ್ ಬಂದ ಕೂಡಲೇ ಅಜ್ಜಿ ಮೊಮ್ಮಗನನ್ನು ಕೂಗುತ್ತಿದ್ದರು: 'ಏನ್ಲಾ, ಇವತ್ತು ಎಷ್ಟೈತೆ?' ಜಲಾಶಯಗಳ ನೀರಿನ ಮಟ್ಟದ ಚಿಕ್ಕ ಪಟ್ಟಿ ಇರುತ್ತದಲ್ಲ, ಅದು. ಹೇಮಾವತಿ, ಗರಿಷ್ಠ 2922 ಅಡಿ, ಇಂದಿನ ಮಟ್ಟ ಇಷ್ಟು. ನಮ್ಮಪ್ಪನೂ ಆ ಪಟ್ಟಿ ನೋಡುತ್ತಿದ್ದರು, ಆದರೆ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ತಿಳಿಯೋಕೆ; ತಿಪಟೂರಿನ ಕಡೆ ನಮ್ಮ ಸೋದರತ್ತೆಯ ತೋಟ ಇತ್ತು. ಅಜ್ಜಿ ನೋಡಿಸುತ್ತಿದ್ದದ್ದು ಗುಡಿ ಎಲ್ಲಿವರೆಗೆ ಮುಳುಗಿತು ಅಂತ. ಒಂದೇ ಅಂಕಿ, ಒಂದೇ ಬೀದಿಯ ಎರಡು ಮನೆಗಳಲ್ಲಿ ಬೇರೆ ಬೇರೆ ಲೆಕ್ಕ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ.

ಈಗ ದುಬೋಯಿ ಅವರ ವಿಷಯಕ್ಕೆ ಬರೋಣ. 'ಅಬ್ಬೆ' ಅನ್ನೋದು ಹೆಸರಲ್ಲ, ಫ್ರೆಂಚರಲ್ಲಿ ಪಾದ್ರಿಗಳನ್ನು ಕರೆಯುವ ಗೌರವದ ಮಾತು, ಮೂಲಾರ್ಥ ತಂದೆ ಅಂತ. ನಮ್ಮ ಹಳಗನ್ನಡದಲ್ಲಿ ಅಬ್ಬೆ ಅಂದರೆ ತಾಯಿ. ಎರಡೂ ಸೇರಿಸಿಕೊಂಡರೆ ಪರವಾಗಿಲ್ಲ ಅನ್ನುವಂತಹ ಮನುಷ್ಯ ಅವರು. ಹುಟ್ಟಿದ್ದು ಫ್ರಾನ್ಸಿನ ಆರ್ದೇಶ್ ಸೀಮೆಯಲ್ಲಿ, 1766ರಲ್ಲಿ. ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಸ್ಥೆಯ ಗುರುವಾಗಿ 1792ರಲ್ಲಿ ಇಂಡಿಯಾಕ್ಕೆ ಬಂದರು. ಅಲ್ಲಿ ಫ್ರೆಂಚ್ ಕ್ರಾಂತಿಯ ರಕ್ತ ಹರಿಯುತ್ತಿದ್ದ ಕಾಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ಇಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸಕ್ಕೆ ಇಳಿದರು.

ಕ್ರೈಸ್ತರು ಆಗಲೇ ಇದ್ದರಾ ಅಂತ ಕೇಳಬಹುದು. ಇದ್ದರು. 17ನೇ ಶತಮಾನದ ನಡುವಿನಲ್ಲೇ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಬೋಧಿಸಿದ್ದರು. 1773ರಲ್ಲಿ ಪೋಪರು ಜೆಸ್ವಿಟ್ ಸಂಸ್ಥೆಯನ್ನೇ ರದ್ದು ಮಾಡಿದಾಗ ಆ ಜವಾಬ್ದಾರಿ ಫ್ರೆಂಚ್ ಗುರುಗಳ ಕೈಗೆ ಬಂತು. ನಡುವೆ ಯುದ್ಧಗಳು, ಟಿಪ್ಪುವಿನ ಕಾಲದ ಸೆರೆ ಮತ್ತು ಬಲವಂತದ ಮತಾಂತರ, ಬರಗಾಲ. ದುಬೋಯಿ ಬಂದಾಗ ಸಿಕ್ಕಿದ್ದು ಅಳಿದುಳಿದ ಮಂದಿ. ಅವರಿಗೆ ಪ್ರವಚನಕ್ಕಿಂತ ಮೊದಲು ಬೇಕಾಗಿದ್ದದ್ದು ಹೊಲ ಮತ್ತು ಸೂರು. ಆದ್ದರಿಂದ ಅವರು ಮಾಡಿದ್ದು ಒಕ್ಕಲುತನದ ಊರುಗಳನ್ನು ಕಟ್ಟುವ ಕೆಲಸ. ಹಾಸನ ಸೀಮೆಯಲ್ಲಿ ಹಾಗೆ ಎದ್ದ ನೆಲೆಯನ್ನು ಹಳೆಯ ಇಂಗ್ಲಿಷ್ ಬರಹಗಳು ಸತ್ತಿಹಳ್ಳಿ ಎಂಬ ಹೆಸರಿನಿಂದ ಕರೆಯುತ್ತವೆ. ಈ ಸುತ್ತಿನ ಕ್ರೈಸ್ತ ಹಳ್ಳಿಗಳ ಬೇರು ಅಲ್ಲಿಗೆ ಹೋಗುತ್ತದೆ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರಂತೆ. ಉಡುಗೆ ತೊಡುಗೆ ಇಲ್ಲಿಯದು, ಊಟ ಇಲ್ಲಿಯದು, ಯುರೋಪಿನವರ ಸಹವಾಸದಿಂದ ಆದಷ್ಟು ದೂರ.

ಇನ್ನೊಂದು ಕೆಲಸ ಸಿಡುಬಿನ ಲಸಿಕೆ. ಜೆನ್ನರನ ಹಸುಸಿಡುಬಿನ ಲಸಿಕೆ ಇಂಡಿಯಾಕ್ಕೆ ತಲುಪಿದ್ದು 1802ರಲ್ಲಿ, ಬೊಂಬಾಯಿಗೆ. 1803-04ರ ಹೊತ್ತಿಗೇ ದುಬೋಯಿ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸುತ್ತಾ ತಿರುಗುತ್ತಿದ್ದರು; 25 ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ ದಾಖಲಾಗಿದೆ. ಸಿಡುಬು ಅಮ್ಮನ ಸಿಟ್ಟು ಅಂತ ನಂಬಿದ್ದ ಕಾಲ ಅದು. ಬಿಳಿ ಪಾದ್ರಿಯೊಬ್ಬ ಹಸುವಿನ ಕೀವನ್ನು ಮಗುವಿನ ತೋಳಿಗೆ ಚುಚ್ಚುತ್ತೇನೆ ಅಂದರೆ ಯಾವ ತಾಯಿ ತೋಳು ಚಾಚಿಯಾಳು? ಆದರೂ ಚಾಚಿದರು. 2021ರಲ್ಲಿ ಲಸಿಕೆ ಹಾಕಿಸಿಕೊಳ್ಳೋಕೆ ನಾವು ಆಡಿದ ಆಟ ನೆನೆದರೆ ಆ ಹಳ್ಳಿಯವರ ಮೇಲೆ ಗೌರವ ಬರುತ್ತದೆ.

ದುಬೋಯಿ ಹೆಸರು ಜಗತ್ತಿಗೆ ಗೊತ್ತಿರುವುದು ಇದಕ್ಕಲ್ಲ, ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕಕ್ಕೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ವಿಲ್ಕ್ಸ್ ಅದರ ಹಸ್ತಪ್ರತಿಯನ್ನು ಮೆಚ್ಚಿ ಮದರಾಸಿಗೆ ಶಿಫಾರಸು ಮಾಡಿದ. ಕಂಪೆನಿ ಸರ್ಕಾರ 2000 ಸ್ಟಾರ್ ಪಗೋಡ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆದರೆ 1987ರಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದ್ವಾಂಸೆ ತೋರಿಸಿದ್ದೇನೆಂದರೆ, ಆ ಪುಸ್ತಕದ ಬಹುಭಾಗ ಪುದುಚೇರಿಯ ಜೆಸ್ವಿಟ್ ಪಾದ್ರಿ ಕೆರ್ದೂ ಅವರ ಹಳೆಯ ಬರಹದಿಂದ ಎತ್ತಿಕೊಂಡದ್ದು. ಕೆರ್ದೂ ಅಂದರೆ ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ನಂಟಿದೆ ಅಂತ ವಿಲಿಯಂ ಜೋನ್ಸ್‌ಗಿಂತ ಮೊದಲೇ, 1767ರಲ್ಲೇ ಬರೆದು ತಿಳಿಸಿದ್ದವರು. ಪಾಪ, ಅವರ ಹೆಸರು ಎಲ್ಲೂ ಇಲ್ಲ.

ನನ್ನ ಲೆಕ್ಕ ಹೀಗೆ: ದುಬೋಯಿ ಅವರ ಪುಸ್ತಕ ಅರೆಬರೆ ಕಡ ತಂದದ್ದು, ಅವರ ಊರುಗಳು ಸ್ವಂತದ್ದು. ಪುಸ್ತಕ ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಊರು ನೀರೊಳಗಿದೆ. ಇನ್ನೊಂದು ವಿಚಿತ್ರ ಅಂದರೆ, ಅಷ್ಟೆಲ್ಲ ದುಡಿದ ಅವರೇ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ಮತ ಬೆಳೆಯುವ ಆಸೆಯೇ ಇಲ್ಲ ಎಂದು ಬರೆದು ಇಂಗ್ಲಿಷ್ ಮಿಶನರಿಗಳ ಕೆಂಗಣ್ಣಿಗೆ ಗುರಿಯಾದರು. ಅದೇ ವರ್ಷ ಹಡಗು ಹತ್ತಿದವರು ಮತ್ತೆ ಬರಲಿಲ್ಲ.

ಅವರು ಹೋದರು, ಹಳ್ಳಿಗಳು ಉಳಿದವು. ಆ ಹಳ್ಳಿಗಳ ಹೆಸರುಗಳನ್ನು ಕೇಳಬೇಕು ನೀವು. ನನ್ನ ಗೆಳೆಯನ ಮನೆಯ ಹಳೇ ತಲೆಮಾರಿನಲ್ಲಿ ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಚೌರಪ್ಪ, ಇನ್ನಾಸಪ್ಪ ಎಲ್ಲ ಇದ್ದರು. ನಾನು ಮೊದಲು ಇವೆಲ್ಲ ಗೌಡರ ಹೆಸರು ಅಂದುಕೊಂಡಿದ್ದೆ! ರಾಯಪ್ಪ ಅಂದರೆ ಪೇತ್ರ. ಚಿನ್ನಪ್ಪ ಅಂದರೆ ಪೌಲ. ಲ್ಯಾಟಿನ್ನಿನಲ್ಲಿ ಪೌಲುಸ್ ಅಂದರೆ ಚಿಕ್ಕವನು, ತಮಿಳಿನಲ್ಲಿ ಚಿಕ್ಕದಕ್ಕೆ 'ಚಿನ್ನ', ಹಾಗಾಗಿ ಚಿನ್ನಪ್ಪ. ಕನ್ನಡಕ್ಕೆ ಬಂದ ಮೇಲೆ ಅದು ಬಂಗಾರದ ಚಿನ್ನವಾಗಿಬಿಟ್ಟಿತು. ಅರುಳಪ್ಪ ಯೊವಾನ್ನ, ಚೌರಪ್ಪ ಕ್ಸೇವಿಯರ್, ಇನ್ನಾಸಪ್ಪ ಇಗ್ನೇಷಿಯಸ್. ರೋಮಿನಿಂದ ಹೊರಟ ಹೆಸರು ತಮಿಳುನಾಡಿನಲ್ಲಿ ಬಟ್ಟೆ ಬದಲಿಸಿ ಆಲೂರಿನ ಗದ್ದೆಯಲ್ಲಿ ಉಳುಮೆಗೆ ನಿಂತಿತು. ಇಷ್ಟು ದೂರದ ಪ್ರಯಾಣ ಯಾವ ಕಲ್ಲಿನ ಶಾಸನದಲ್ಲೂ ಇಲ್ಲ, ರೇಷನ್ ಕಾರ್ಡುಗಳಲ್ಲಿದೆ.

ಇನ್ನು ಫೋಟೋದಲ್ಲಿ ಕಾಣುವ ಕಟ್ಟಡ. ಅದು ದುಬೋಯಿ ಹೋಗಿ ಸುಮಾರು ನಲವತ್ತು ವರ್ಷ ಆದ ಮೇಲೆ, 1860ರ ದಶಕದ ಹೊತ್ತಿಗೆ ಅವರದೇ ಸಂಸ್ಥೆಯ ಮುಂದಿನ ಫ್ರೆಂಚ್ ಗುರುಗಳು ಕಟ್ಟಿಸಿದ್ದು. ಮೈಸೂರು ಆಗ ಪ್ರತ್ಯೇಕ ಧರ್ಮಪ್ರಾಂತವಾಗಿ ರೂಪುಗೊಳ್ಳುತ್ತಿದ್ದ ಕಾಲ, ಬಿಷಪ್ ಶಾರ್ಬೊನೋ ಅವರ ಕಾಲ. ಬೆಂಗಳೂರಿನ ಮಿಶನ್ ಮುದ್ರಣಾಲಯದಿಂದ ಲ್ಯಾಟಿನ್-ಕನ್ನಡ ನಿಘಂಟು ಹೊರಬಂದದ್ದೂ ಇದೇ ಹೊತ್ತಿಗೆ, 1861ರಲ್ಲಿ. ಒಂದು ಕಡೆ ಪದಗಳನ್ನು ಜೋಡಿಸುತ್ತಿದ್ದರು, ಇನ್ನೊಂದು ಕಡೆ ಇಟ್ಟಿಗೆಗಳನ್ನು. ಶೈಲಿ ಫ್ರಾನ್ಸಿನ ಗಾಥಿಕ್. ಚೂಪು ಕಮಾನು, ಎತ್ತರದ ಕಿಟಕಿ, ಗಂಟೆ ಗೋಪುರ. ಕೈ ಮಾತ್ರ ಇಲ್ಲಿಯದು. ಗಾರೆಗೆ ಬೆಲ್ಲ, ಕೋಳಿಮೊಟ್ಟೆ ಹಾಕಿ ಅರೆದಿದ್ದರು ಅನ್ನೋ ಮಾತು ಆ ಕಡೆ ಎಲ್ಲರ ಬಾಯಲ್ಲೂ ಇದೆ. ನಗಬೇಡಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಗಾರೆ ಅರೆಯುವುದು ದಕ್ಷಿಣದ ಗಾರೆಯವರ ಹಳೇ ಕಸುಬು. ಕಟ್ಟಡಕ್ಕೆ ಜಪಮಾಲೆ ಮಾತೆಯ ಹೆಸರಿಟ್ಟರು.

ಹೊರಗಿನ ಫೋಟೋ ನೋಡಿದವರಿಗೆ ಹೊಳೆಯದ ಒಂದು ಸಂಗತಿ ಇದೆ. ಕಟ್ಟಿದ ದಿನದಿಂದ ನೂರು ವರ್ಷ ಆ ಗೋಡೆಗಳು ಕೇಳಿದ್ದು ಲ್ಯಾಟಿನ್ ಪೂಜೆ. ಜಪ, ಹಾಡು, ಪ್ರಸಂಗ ಕನ್ನಡದಲ್ಲಿ ಇರುತ್ತಿದ್ದವು, ಪೂಜೆ ಮಾತ್ರ ಲ್ಯಾಟಿನ್ನಿನಲ್ಲಿ, ಗುರುಗಳು ಜನರಿಗೆ ಬೆನ್ನು ಮಾಡಿ. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರವಷ್ಟೇ ಜನರ ಭಾಷೆಯಲ್ಲಿ ಪೂಜೆ ಬಂತು, ಗುರುಗಳು ಜನರತ್ತ ತಿರುಗಿದರು. ಶೆಟ್ಟಿಹಳ್ಳಿಯ ಗುಡಿಯಲ್ಲಿ ಕನ್ನಡದ ಪೂಜೆ ಕೇಳಿಸಿದ್ದು ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ ಇರಬೇಕು. ಅಷ್ಟರಲ್ಲಿ ನೀರು ಬಂತು.

ನೀರಿನ ಕತೆ ನಿಮಗೆ ಗೊತ್ತಿರುವುದೇ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ, ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ. ಬೇಲೂರಿನ ಯಗಚಿ ಬಂದು ಅದಕ್ಕೆ ಸೇರುತ್ತದೆ. ಅಂದರೆ ಚೆನ್ನಕೇಶವನ ಊರನ್ನು ಮುಟ್ಟಿ ಬಂದ ನೀರೂ ಆ ಗುಡಿಯನ್ನು ಮುಳುಗಿಸುವುದರಲ್ಲಿ ಪಾಲುದಾರ. ಕಾವೇರಿ ನೀರಿನ ಬಗ್ಗೆ ಮದರಾಸಿಗೂ ಮೈಸೂರಿಗೂ 1924ರಲ್ಲಿ ಆದ ಒಪ್ಪಂದದಲ್ಲಿ ಐವತ್ತು ವರ್ಷದ ನಂತರ ಮರುಪರಿಶೀಲನೆ ಎಂಬ ಮಾತಿತ್ತು. ಆ 1974 ಹತ್ತಿರವಾಗುತ್ತಿದ್ದಂತೆ ಕರ್ನಾಟಕ ತನ್ನ ಪಾಲಿನ ಉಪನದಿಗಳಿಗೆ ಅಣೆಕಟ್ಟು ಕಟ್ಟುವ ಅವಸರದಲ್ಲಿತ್ತು. ಹಾರಂಗಿ, ಕಬಿನಿ, ಹೇಮಾವತಿ. ಕೇಂದ್ರದ ಮಂಜೂರಾತಿಗೂ ಕಾಯದೆ ರಾಜ್ಯದ ದುಡ್ಡಿನಲ್ಲೇ ಕೆಲಸ ನಡೆಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಗೊರೂರಿನ ಹತ್ತಿರ 4692 ಮೀಟರ್ ಉದ್ದದ, 58 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. 1979ರಲ್ಲಿ ಮುಗಿಯಿತು. ತುಂಬಿದರೆ 37 ಟಿಎಂಸಿ ನೀರು. ಅದರ ನಾಲೆ ಬಾಗೂರು-ನವಿಲೆ ಸುರಂಗದಲ್ಲಿ ನುಗ್ಗಿ ತಿಪಟೂರು, ತುಮಕೂರಿನ ಕಡೆಗೆ ಹೋಯಿತು. ನಮ್ಮ ಸೋದರತ್ತೆಯ ತೆಂಗಿನ ತೋಟ ಒಣಗದೆ ಉಳಿದದ್ದು ಆ ನೀರಿನಿಂದ. ಆ ತೋಟದ ಎಳನೀರು ಕುಡಿದು ಬೆಳೆದವನು ನಾನು. ಅಣೆಕಟ್ಟು ಕಟ್ಟಬಾರದಿತ್ತು ಅಂತ ಹೇಳುವ ಬಾಯಿ ನನಗಿಲ್ಲ.

ಶೆಟ್ಟಿಹಳ್ಳಿಯವರನ್ನು ಎಬ್ಬಿಸಿದರು. ಮರಿಯಾನಗರದಂತಹ ಹೊಸ ಊರುಗಳಲ್ಲಿ ಹಲವರು ನೆಲೆ ನಿಂತರು, ಅಲ್ಲಿ ಹೊಸ ಚರ್ಚೂ ಆಯಿತು. ಕೆಲವರು ಕೆಲಸ ಹಿಡಿದು ಬೆಂಗಳೂರು, ಮೈಸೂರು ಸೇರಿದರು. ನನ್ನ ಗೆಳೆಯನ ಅಪ್ಪ ರೈಲ್ವೆ ಸೇರಿದ್ದು ಹೀಗೇ. ಪರಿಹಾರ ಎಷ್ಟು ಬಂತು, ಯಾವಾಗ ಬಂತು ಅನ್ನೋದನ್ನು ಅವರು ಮಾತಾಡಲು ಇಷ್ಟಪಡುತ್ತಿರಲಿಲ್ಲ. ನಾನೂ ಕೆದಕಲಿಲ್ಲ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು 2007ರ ಏಪ್ರಿಲ್ಲಿನಲ್ಲಿ. ಆಗ ನಾನೂ ಗೆಳೆಯನೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆವು. ಅಜ್ಜಿಗೆ ಎಂಬತ್ತು ದಾಟಿತ್ತು, ಒಂದು ಸಲ ನೋಡಬೇಕು ಅಂತ ಹಟ. ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ನೀರು ಹಿಂದೆ ಸರಿದಿತ್ತು. ಬಿರುಕು ಬಿಟ್ಟ ಕೆಸರಿನ ಬಯಲು, ಅದರ ಮೇಲೆ ಚಿಗುರಿದ ಹುಲ್ಲು, ಮೇಯುತ್ತಿದ್ದ ದನ, ನಡುವೆ ಆ ಗೋಡೆಗಳು. ಚಾವಣಿ ಇಲ್ಲ. ಆಕಾಶವೇ ಒಳಗೆ ಬಂದು ಕೂತಿದೆ.

ಅಜ್ಜಿ ಹೊಸ್ತಿಲಿನ ಹತ್ತಿರ ನಿಂತು ಚಪ್ಪಲಿ ಬಿಟ್ಟರು. ಒಳಗೆ ಸಗಣಿ, ಒಡೆದ ಇಟ್ಟಿಗೆ, ಯಾರೋ ಕುಡಿದು ಬಿಸಾಡಿದ ಬಾಟಲಿ ಚೂರು. ಬೇಡ ಅಜ್ಜಿ, ಕಾಲಿಗೆ ಚುಚ್ಚುತ್ತೆ ಅಂದರೂ ಕೇಳಲಿಲ್ಲ. ಕೊನೆಗೆ ನಾವಿಬ್ಬರೂ ಬಿಟ್ಟೆವು. ಹಳೇಬೀಡಿನಲ್ಲಿ ಬಿಡುತ್ತೇವಲ್ಲ, ಇಲ್ಲಿ ಯಾಕೆ ಬಿಡಬಾರದು? ಅಜ್ಜಿ ನಿಧಾನಕ್ಕೆ ಒಂದು ಬದಿಗೆ ಹೋಗಿ, ಗೋಡೆಯ ಕಮಾನುಗಳನ್ನು ಬೆರಳಲ್ಲಿ ಎಣಿಸಿ ಒಂದು ಕಡೆ ನಿಂತರು. 'ಇಲ್ಲೇ ಕಣಪ್ಪ ನಾನು ಕೂರ್ತಿದ್ದದ್ದು. ಹೆಂಗಸರೆಲ್ಲ ಈ ಕಡೆ, ಗಂಡಸರು ಆ ಕಡೆ. ಇವನಪ್ಪ ಮಗು, ಮಡಿಲಲ್ಲಿ ಮಲಗಿಬಿಡೋನು.' ನೆಲ ಸಿಗಲಿಲ್ಲ, ಹೂಳು ತುಂಬಿತ್ತು. ತಾನು ಕೂತಿದ್ದ ಜಾಗದ ಮೇಲೇ ಎಷ್ಟೋ ಎತ್ತರದಲ್ಲಿ ಅಜ್ಜಿ ನಿಂತಿದ್ದರು.

ಆಮೇಲೆ ಹೊರಗೆ ಬಂದು ಬಯಲಿನ ಕಡೆ ಕೈ ತೋರಿಸುತ್ತಾ ಹೋದರು. ಅಲ್ಲಿ ಬಾವಿ, ಅಲ್ಲಿ ಕಣ, ಅದು ನಮ್ಮ ಮನೆ, ಅದರಾಚೆ ಸಮಾಧಿಗಳು. ನನಗೆ ಕಂಡದ್ದು ಬರೀ ಕೆಸರು. ಕ್ಯಾಮೆರಾ ಹಿಡಿದು ನಿಂತಿದ್ದೆ. ಗುಡಿಯ ಮೂವತ್ತು ಫೋಟೋ ತೆಗೆದೆ, ಅಜ್ಜಿ ತೋರಿಸಿದ ಕಡೆಯದು ಒಂದೂ ತೆಗೆಯಲಿಲ್ಲ. ತೆಗೆಯೋಕೆ ಅಲ್ಲಿ ಏನೂ ಇರಲಿಲ್ಲವಲ್ಲ! ವಾಟ್ಸಾಪ್ ಫೋಟೋ ನೋಡಿ ಬೇಜಾರಾದದ್ದು ಇದಕ್ಕೇ. ದುಬೋಯಿ ಮಾಡಿದ್ದು ಊರು, ಗುಡಿ ಅಲ್ಲ. ಮುಳುಗಿ ಹೋದದ್ದೂ ಊರೇ. ಗುಡಿ ಪ್ರತಿ ಬೇಸಿಗೆ ಮೇಲೆ ಬರುತ್ತದೆ. ಕಾಣುವ ಗುಡಿಗೆ ದುಬೋಯಿ ಹೆಸರು ಅಂಟಿಸಿ ಕಾಣದ ಊರನ್ನು ನಾವು ಇನ್ನೊಂದು ಸಲ ಮುಳುಗಿಸುತ್ತಿದ್ದೇವೆ. ನಾನೂ ಅದನ್ನೇ ಮಾಡಿದ್ದೆ, ಮೂವತ್ತು ಸಲ.

ಮುಳುಗಡೆಯ ನೋವನ್ನು ಕನ್ನಡದಲ್ಲಿ ಬರೆದವರು ಅಂದ ಕೂಡಲೇ ನೆನಪಾಗುವುದು ನಾ. ಡಿಸೋಜ. ಶರಾವತಿ ಯೋಜನೆಯಲ್ಲೇ ನೌಕರಿ ಮಾಡುತ್ತಾ ಅದರಲ್ಲಿ ಊರು ಕಳೆದುಕೊಂಡವರ ಕತೆ ಬರೆದವರು, 'ಮುಳುಗಡೆ', 'ದ್ವೀಪ'. 2025ರ ಜನವರಿಯಲ್ಲಿ ತೀರಿಕೊಂಡರು. ಶರಾವತಿಗೆ ಅವರು ಸಿಕ್ಕರು. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಬಗ್ಗೆ ಅಂಥದ್ದೊಂದು ಕಾದಂಬರಿಯನ್ನು ನಾನು ಓದಿಲ್ಲ. ಇದ್ದರೆ ಹೇಳಿ, ಹುಡುಕಿ ಓದುತ್ತೇನೆ.

ಈಗ ನಮ್ಮೂರಿನ ಒಂದು ಹಳೇ ಸುದ್ದಿ. ಹೈದರಾಲಿ ಕಾಲದಲ್ಲಿ ಬಾಣಾವರದ ಜನರನ್ನು ಎಬ್ಬಿಸಿ ಹತ್ತಿರದ ಗುಡ್ಡಗಳ ನಡುವೆ ಹೊಸದಾಗಿ ಕಟ್ಟಿದ ನಾಗಪುರಿಗೆ ಕಳಿಸಿದ್ದರು. ಆ ಜಾಗದ ಹವೆ ಒಗ್ಗಲಿಲ್ಲ, ರೋಗ ರುಜಿನ. ಕೊನೆಗೆ ವಾಪಸ್ ಹೋಗಬಹುದು ಅಂತ ಅಪ್ಪಣೆಯಾಯಿತು. ಜನ ತಿರುಗಿ ಬಂದು ಹಳೇ ಮನೆಗಳ ಕದ ತೆಗೆದರು. ನಾಗಪುರಿ ಇವತ್ತು ಕಾಡಿನ ಹೆಸರಾಗಿ ಉಳಿದಿದೆ. ಇದನ್ನು ಗೆಳೆಯನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮ ಹೈದರನೇ ವಾಸಿ ಕಣೋ, ಬಾಗಿಲು ಹಾಕಿದ್ದ ಅಷ್ಟೇ, ನೀರು ಬಿಟ್ಟಿರಲಿಲ್ಲ' ಅಂದ.

ಎರಡನೇ ಸಲ ಹೋದದ್ದು 2024ರಲ್ಲಿ. ಅಜ್ಜಿ ಹೋಗಿ ಆಗಲೇ ಹಲವು ವರ್ಷಗಳಾಗಿದ್ದವು. ಹಿಂದಿನ ವರ್ಷ, 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ನಮ್ಮ ಕಡೆಯವರಿಗೆಲ್ಲ ಹಿಗ್ಗೋ ಹಿಗ್ಗು, ನನಗೂ. ಬಾಣಾವರದಿಂದ ಹೊರಟು ಹಳೇಬೀಡಿನಲ್ಲಿ ಇಳಿದು ನೋಡಿಕೊಂಡೇ ಹೋದೆ. ಅಲ್ಲಿ ಬೇಲಿ, ಹುಲ್ಲುಹಾಸು, ಟಿಕೀಟಿಲ್ಲದಿದ್ದರೂ ಕಾವಲು. ಶೆಟ್ಟಿಹಳ್ಳಿಯಲ್ಲಿ ಗೋಡೆಯ ಇನ್ನಷ್ಟು ಭಾಗ ಬಿದ್ದಿತ್ತು. 2007ರಲ್ಲಿ ಅಜ್ಜಿ ಎಣಿಸಿದ್ದ ಕಮಾನುಗಳನ್ನು ನಾನು ಎಣಿಸಲು ಹೋದೆ, ಲೆಕ್ಕ ತಪ್ಪಿತು. ವರ್ಷಕ್ಕೊಂದು ಸಲ ನೆನೆದು ಒಣಗುವ ಇಟ್ಟಿಗೆ ಗಾರೆ ಎಷ್ಟು ದಿನ ತಾನೇ ನಿಂತೀತು? ನಾವು ಹೋದ ದಿನ ಮದುವೆಗೆ ಮುಂಚಿನ ಫೋಟೋ ಶೂಟಿಗೆ ಎರಡು ಜೋಡಿ ಬಂದಿದ್ದರು. ಒಬ್ಬ ಹುಡುಗಿಯ ಕೆಂಪು ಗೌನನ್ನು ಗಾಳಿಗೆ ಹಾರಿಸೋಕೆ ಇಬ್ಬರು ಹುಡುಗರು ಓಡಾಡುತ್ತಿದ್ದರು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಊರಿನ ಇತಿಹಾಸ ಹೇಳುವ ಒಂದು ಫಲಕ ಎಲ್ಲಾದರೂ ಇದೆಯಾ ಅಂತ ಸುತ್ತು ಹಾಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. 1958ರ ಸ್ಮಾರಕ ಕಾಯಿದೆಯ ಪ್ರಕಾರ ಸಂರಕ್ಷಣೆಗೆ ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು ಅಂತಿದೆ. ವಯಸ್ಸಿನ ಮಟ್ಟಿಗಾದರೆ ಈ ಗುಡಿ ಎಂದೋ ಪಾಸಾಗಿದೆ.

ಅಲ್ಲಿಂದ ಮರಿಯಾನಗರದಲ್ಲಿ ಗೆಳೆಯನ ಅತ್ತೆಯ ಮನೆಗೆ ಹೋದೆವು. ಅವನ ಅಪ್ಪನ ತಂಗಿ, ಎಪ್ಪತ್ತರ ಮೇಲಿನವರು. ರಾಗಿರೊಟ್ಟಿ, ಉಚ್ಚೆಳ್ಳು ಚಟ್ನಿ ಕೊಟ್ಟರು. ಮಾತಿಗೆ ಮಾತು ಬಂದು ಹಬ್ಬದ ವಿಷಯ ಬಂತು. ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7. ಇಡೀ ಅಕ್ಟೋಬರನ್ನೇ ಕಥೋಲಿಕರು ಜಪಮಾಲೆಯ ತಿಂಗಳು ಅಂತ ಆಚರಿಸುತ್ತಾರೆ. ಮುಂಗಾರು ಮುಗಿದು ಹೇಮಾವತಿ ತುಂಬಿ ನಿಲ್ಲುವುದೂ ಸಾಮಾನ್ಯವಾಗಿ ಅದೇ ಹೊತ್ತಿಗೆ. ಅಂದರೆ ಆ ಗುಡಿಯಲ್ಲಿ ದೇವಿಯ ಹಬ್ಬದ ತಿಂಗಳಿನಲ್ಲೇ ನೀರು ತುಂಬಿರುತ್ತದೆ. ಜನ ಹೋಗೋಕೆ ದಾರಿ ಬಿಡುವುದು ಹಬ್ಬ ಕಳೆದು ತಿಂಗಳುಗಳಾದ ಮೇಲೆ. ನಾನು ಇದನ್ನು ಏನೋ ದೊಡ್ಡ ಸಂಶೋಧನೆ ಅನ್ನುವ ಹಾಗೆ ಹೇಳಿದೆ. ಅತ್ತೆ ರೊಟ್ಟಿ ತಟ್ಟುತ್ತಲೇ, 'ಅದ್ಯಾಕೆ ಗೊತ್ತಿಲ್ಲ, ನಮ್ಮವ್ವ ಇರೋವರೆಗೂ ಹಬ್ಬದ ದಿನ ಇಲ್ಲಿ ಪೂಜೆ ಮುಗಿಸ್ಕಂಡು ನೀರಿನ ದಡಕ್ಕೆ ಹೋಗಿ ಒಂದು ಜಪ ಮಾಡ್ಕಂಡು ಬರೋದು. ಬಾಣಾವರದಲ್ಲಿದ್ದಾಗ ಬರಕ್ಕಾಗದಿದ್ರೆ ಪೇಪರ್ ನೋಡಿಸ್ಕಂಡು ಅಲ್ಲೇ ಕೂತು ಮಾಡೋದು' ಅಂದರು.

ಏನ್ಲಾ, ಇವತ್ತು ಎಷ್ಟೈತೆ? ಅಜ್ಜಿಯ ದನಿ ಕಿವಿಯಲ್ಲಿ ಹಾಗೇ ಇತ್ತು.

ಹೊರಡುವಾಗ ಅತ್ತೆ ಒಂದು ಡಬ್ಬಿ ಕಜ್ಜಾಯ ಕಟ್ಟಿಕೊಟ್ಟು, 'ಮುಂದಿನ ಸಲ ಅಕ್ಟೋಬರಿನಾಗೆ ಬಾ ಮಗಾ' ಅಂದರು. ಆಗ ನೋಡೋಕೆ ಏನೂ ಕಾಣಲ್ಲವಲ್ಲ ಅಂದೆ. 'ಕಾಣಲ್ಲ. ಆದ್ರೂ ಬಾ' ಅಂದರು.